“ನಿಮ್ಮ ದೇವರ ಬರ್ತ್‌ಡೇ ಅಲ್ವಾ?”

ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಗ್ಯಾರಂಟಿ. ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾಗ ಆಫೀಸಿನಲ್ಲಿ ಕೇಳುತ್ತಿದ್ದರು. ಈಗ ತೀರ್ಥಹಳ್ಳಿ ಕಡೆಯ ಊರಿಗೆ ವಾಪಸ್ ಬಂದ ಮೇಲೆ ಕಟಿಂಗ್ ಶಾಪಿನಲ್ಲಿ, ಸೊಸೈಟಿಯಲ್ಲಿ ಕೇಳುತ್ತಾರೆ. “ಕ್ರಿಸ್ಮಸ್ ಅಂದ್ರೆ ನಿಮ್ಮ ದೇವರ ಬರ್ತ್‌ಡೇ ಅಲ್ವಾ? ಕೇಕ್ ಎಲ್ಲಿ?” ಹೂಂ ಅಂತ ತಲೆಯಾಡಿಸಿ ಒಂದು ತುಂಡು ಕೇಕ್ ಕೊಟ್ಟರೆ ಮಾತು ಮುಗಿಯಿತು. ಎಷ್ಟೋ ವರ್ಷ ನಾನೂ ಹಾಗೇ ಮಾಡಿದ್ದೇನೆ. ಆದರೆ ಆ ‘ಹೂಂ’ ಅರ್ಧ ಮಾತ್ರ ನಿಜ. ಉಳಿದರ್ಧ ಹೇಳಲು ಈ ಬರಹ.

ಮೊದಲು ತಾರೀಕಿನ ವಿಷಯ ಮುಗಿಸಿಬಿಡೋಣ. ಯೇಸು ಹುಟ್ಟಿದ ತಾರೀಕು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಯೇಸುವಿನ ಬದುಕನ್ನು ಬರೆದಿಟ್ಟ ನಾಲ್ಕು ಶುಭಸಂದೇಶ ಪುಸ್ತಕಗಳಲ್ಲಿ ಹುಟ್ಟಿನ ಕತೆ ಹೇಳುವುದು ಮತ್ತಾಯ ಮತ್ತು ಲೂಕ, ಇಬ್ಬರೇ. ಮಾರ್ಕನಂತೂ ಬೆಳೆದು ದೊಡ್ಡವನಾದ ಯೇಸುವಿನಿಂದಲೇ ಶುರು ಮಾಡುತ್ತಾನೆ. ರೋಮಿನಲ್ಲಿ ಡಿಸೆಂಬರ್ 25ರ ಲೆಕ್ಕ ಸಿಗುವುದು 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಂಥ ಪುಸ್ತಕದಲ್ಲಿ. ಅರ್ಮೇನಿಯಾದವರು ಜನವರಿ 6ಕ್ಕೆ ಮಾಡುತ್ತಾರೆ, ರಷ್ಯಾದವರು ಜನವರಿ 7ಕ್ಕೆ. ಇನ್ನೊಂದು ತಮಾಷೆ ಇದೆ. ಯೇಸು ಹುಟ್ಟಿದಾಗ ರಾಜನಾಗಿದ್ದ ಹೆರೋದ ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆ. ಆರನೇ ಶತಮಾನದಲ್ಲಿ ಕ್ರಿಸ್ತಶಕದ ಲೆಕ್ಕ ಹಾಕಿದ ಡಯೊನೀಸಿಯಸ್ ಎಂಬ ಸನ್ಯಾಸಿ ನಾಲ್ಕಾರು ವರ್ಷ ತಪ್ಪಿದ. ಹಾಗಾಗಿ ಕ್ರಿಸ್ತ ಹುಟ್ಟಿದ್ದೇ ಕ್ರಿಸ್ತಪೂರ್ವದಲ್ಲಿ! ನಮ್ಮ ಅಜ್ಜಿಗೂ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಸಂಕ ತೇಲಿಹೋದ ಮಳೆಗಾಲ ಅನ್ನುತ್ತಿದ್ದಳು, ಅಷ್ಟೇ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಸಾಂತಾಕ್ಲಾಸ್ ಬಗ್ಗೆ ಒಂದೇ ಮಾತು. ಆತ ನಾಲ್ಕನೇ ಶತಮಾನದ ನಿಕೋಲಾಸ್ ಎಂಬ ಬಿಷಪ್. ಈಗಿನ ಟರ್ಕಿಯ ಮೈರಾ ಎಂಬ ಊರಿನವರು. ಕೆಂಪು ಕೋಟು, ಹೋ ಹೋ ಹೋ ಎಲ್ಲ ಆಮೇಲೆ ಸೇರಿದ್ದು. ಮಕ್ಕಳಿಗೆ ಖುಷಿ, ಇರಲಿ ಬಿಡಿ.

ಹಬ್ಬದ ಅರ್ಥ ನೋಡಬೇಕಾದರೆ 24ರ ರಾತ್ರಿ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಿ. ಯಾರೂ ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚಿನ ನಾಲ್ಕು ಭಾನುವಾರ ನಾವು ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ. ಆ ರಾತ್ರಿ ಅದು ಶುರುವಾದ ಕೂಡಲೇ ಗಂಟೆಗಳು ಒಟ್ಟಿಗೆ ಬಡಿಯುತ್ತವೆ. ಎಲ್ಲರೂ ಫೋನ್ ಎತ್ತಿ ವಿಡಿಯೋ ಮಾಡುವುದು ಆಗಲೇ. ಆದರೆ ನೀವು ಸ್ವಲ್ಪ ಕಾಯಿರಿ. ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಮುಗಿದ ಮೇಲೆ ಎಲ್ಲರೂ ನಿಂತು ವಿಶ್ವಾಸ ಪ್ರಮಾಣ ಹೇಳುತ್ತಾರೆ, ನಾವು ನಂಬುವುದು ಇದನ್ನು ಅಂತ. ಅದರಲ್ಲಿ ದೇವರ ಪುತ್ರ ಮನುಷ್ಯನಾದ ಎಂಬ ಒಂದು ಸಾಲು ಬರುತ್ತದೆ. ಬೇರೆ ಭಾನುವಾರ ಆ ಸಾಲಿಗೆ ತಲೆ ಬಾಗಿಸುತ್ತೇವೆ. ಕ್ರಿಸ್ಮಸ್ಸಿಗೆ ಮಾತ್ರ ಇಡೀ ಚರ್ಚು ಮೊಣಕಾಲೂರುತ್ತದೆ. ಹೊಸ ಸೀರೆ, ಇಸ್ತ್ರಿ ಪ್ಯಾಂಟು, ಮಂಡಿನೋವು ಎಲ್ಲದರ ಸಮೇತ. ಹೀಗೆ ಮಾಡುವುದು ವರ್ಷದಲ್ಲಿ ಎರಡೇ ದಿನ. ಇನ್ನೊಂದು ದಿನ ಮಾರ್ಚ್ 25, ದೇವದೂತ ಮರಿಯಮ್ಮನವರಿಗೆ ಸುದ್ದಿ ತಂದ ಹಬ್ಬ. ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳಿಗೆ ಡಿಸೆಂಬರ್ 25. ಗರ್ಭದಲ್ಲಿ ಮನುಷ್ಯನಾದದ್ದು ಆವತ್ತು, ಕಣ್ಣಿಗೆ ಕಂಡದ್ದು ಈವತ್ತು.

ಈ ಸಾಲು ಸುಮ್ನೆ ಬಂದದ್ದಲ್ಲ. ಯೇಸು ಬಹಳ ದೊಡ್ಡವನು, ಆದರೂ ದೇವರು ಸೃಷ್ಟಿಸಿದವನೇ ಎಂದು ಆರಿಯಸ್ ಎಂಬ ಗುರು ವಾದಿಸುತ್ತಿದ್ದರು. 325ರಲ್ಲಿ ನಿಕೇಯ ಎಂಬ ಊರಲ್ಲಿ ಬಿಷಪ್ಪುಗಳ ಸಭೆ ಸೇರಿತು. ಇಲ್ಲ, ಆತ ದೇವರೇ, ಆ ದೇವರೇ ಮನುಷ್ಯನಾದದ್ದು ಎಂದು ಸಭೆ ಬರೆದಿಟ್ಟಿತು. ನಮ್ಮ ನಂಬಿಕೆ ನಿಂತಿರುವುದು ಇದರ ಮೇಲೆ. ಹುಟ್ಟುವುದಕ್ಕೆ ಮುಂಚೆಯೂ ಇದ್ದವನಿಗೆ ಬರ್ತ್‌ಡೇ ಅನ್ನುವುದು ಹೇಗೆ? ಹುಟ್ಟುವ ಅಗತ್ಯವೇ ಇಲ್ಲದವನು ಹುಟ್ಟಿದ. ನಾವು ಹಬ್ಬ ಮಾಡುವುದು ಅದಕ್ಕೆ.

ಹಾಗಾದರೆ ಅವತಾರ ಅನ್ನಿ ಅಂತ ಯಾರಾದರೂ ಹೇಳುತ್ತಾರೆ. ತಪ್ಪಿಲ್ಲ, ಕನ್ನಡ ಬೈಬಲ್ಲೇ ‘ನರಾವತಾರ’ ಎಂಬ ಮಾತು ಬಳಸಿದೆ. ನಾನು ಅದನ್ನು ಬಿಡಿಸಿ ಹೇಳುವುದು ಹೀಗೆ. ಮಂತ್ರಿ ಊರಿಗೆ ಬಂದು ಹಾರ ಹಾಕಿಸಿಕೊಂಡು ಹೋಗುವುದು ಒಂದು. ಒಬ್ಬ ಬಂದು ಮನೆ ಮಾಡಿ, ರೇಷನ್ ಕಾರ್ಡ್ ಮಾಡಿಸಿ, ನಮ್ಮ ಜೊತೆ ಉಂಬಳ ಕಚ್ಚಿಸಿಕೊಂಡು ಮಳೆಗಾಲ ಕಳೆಯುವುದು ಇನ್ನೊಂದು. ಕ್ರಿಸ್ಮಸ್ ಈ ಎರಡನೆಯ ಥರದ್ದು. ಲೂಕ ಹೇಳುವ ಪ್ರಕಾರ ಮರಿಯಮ್ಮ, ಜೋಸೆಫರು ಬೆತ್ಲೆಹೇಮಿಗೆ ಹೋದದ್ದೇ ಔಗುಸ್ತ ಚಕ್ರವರ್ತಿಯ ಜನಗಣತಿಗೆ ಹೆಸರು ಬರೆಸಲು. ತುಂಬು ಬಸುರಿ. ನಜರೇತಿನಿಂದ 100 ಕಿಲೋಮೀಟರಿಗೂ ಜಾಸ್ತಿ ದಾರಿ. ಸರ್ಕಾರಿ ಕಾಗದಕ್ಕೆ ಅಲೆದವರಿಗೆ ಈ ಕತೆ ಬೇಗ ಅರ್ಥವಾಗುತ್ತದೆ.

ಇನ್ನು ಗೋದಲಿ. ಅಂದರೆ ದನಕ್ಕೆ ಮೇವು ಹಾಕುವ ಜಾಗ; ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆ ಇಟ್ಟು ಮಾಡುವುದಕ್ಕೂ ಅದೇ ಹೆಸರು. ನಮ್ಮ ಕಡೆ ಕ್ರಿಸ್ಮಸ್ಸಿನ ಮುಖ್ಯ ಕೆಲಸವೇ ಇದು. ಹತ್ತು ದಿನ ಮುಂಚೆ ಗೆರಟೆಗಳಲ್ಲಿ ರಾಗಿ, ಭತ್ತ ಬಿತ್ತುತ್ತೇವೆ, ಹಬ್ಬದ ಹೊತ್ತಿಗೆ ಹಸಿರು ಗದ್ದೆ ಆಗಲಿ ಅಂತ. ತೋಟದಿಂದ ಪಾಚಿ ಕೆರೆದು ತರುತ್ತೇವೆ. ಗುಡಿಸಲಿಗೆ ಅಡಿಕೆ ಸೋಗೆಯ ಮಾಡು. ಗೊಂಬೆಗಳನ್ನೆಲ್ಲ ಮೊದಲೇ ಇಟ್ಟರೂ ಗೋದಲಿ ಖಾಲಿ. ಬಾಲಯೇಸುವನ್ನು ಮಲಗಿಸುವುದು 24ರ ಮಧ್ಯರಾತ್ರಿಯೇ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಗೋದಲಿ ಜಗಲಿಯಲ್ಲಿತ್ತು. 23ರ ಮಧ್ಯಾಹ್ನ ದಣಪೆ ಹಾಕುವುದು ನಾನೇ ಮರೆತೆ. ಪಕ್ಕದ ಮನೆಯ ಕರು ಒಳಗೆ ಬಂತು. ರಾಗಿ ಪೈರು ಪೂರ್ತಿ ಮೇಯಿತು, ಗೋದಲಿಗೆ ಹಾಸಿದ್ದ ಹುಲ್ಲನ್ನೂ ಎಳೆದು ತಿಂದಿತು. ಮಗುವಿಗೆ ಕಾಣಿಕೆ ತಂದ ಜ್ಞಾನಿಗಳ ಗೊಂಬೆಗಳಲ್ಲಿ ಒಬ್ಬ ಮುಖ ಅಡಿಯಾಗಿ ಬಿದ್ದಿದ್ದ. ನಾನು ಅತ್ತು ಕರೆದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ, “ಗೋದಲಿ ಇರೋದೇ ಅದಕ್ಕಲ್ವನಾ? ದನ ತಿನ್ನೋಕೆ,” ಅಂದಳು.

ಅಮ್ಮ ಅಂದದ್ದು ಎಷ್ಟು ಸರಿ ಅಂತ ಗೊತ್ತಾದದ್ದು ದೊಡ್ಡವನಾದ ಮೇಲೆ. ಹೀಬ್ರೂ ಭಾಷೆಯಲ್ಲಿ ಬೆತ್ಲೆಹೇಮ್ ಅಂದರೆ ರೊಟ್ಟಿಯ ಮನೆ. ರೊಟ್ಟಿಯ ಮನೆ ಎಂಬ ಊರಲ್ಲಿ, ಮೇವು ಹಾಕುವ ಜಾಗದಲ್ಲಿ ಮಗುವನ್ನು ಮಲಗಿಸಿದರು. ಆ ಮಗು ದೊಡ್ಡದಾಗಿ ರೊಟ್ಟಿ ಮುರಿದು, ಇದು ನನ್ನ ದೇಹ, ತಿನ್ನಿ ಎಂದಿತು. ಇನ್ನೊಂದು ಸಣ್ಣ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಛತ್ರದಲ್ಲಿ ಜಾಗ ಇರಲಿಲ್ಲ ಎಂದು ಕನ್ನಡದಲ್ಲಿ ಓದುತ್ತೇವಲ್ಲ, ಅಲ್ಲಿ ಲೂಕ ಬರೆದ ಗ್ರೀಕ್ ಪದಕ್ಕೆ ಬಂದವರು ಉಳಿಯುವ ಕೋಣೆ ಎಂಬ ಅರ್ಥವೂ ಇದೆ. ಕಡೆಯ ಊಟದ ಕೋಣೆಗೂ ಲೂಕ ಅದೇ ಪದ ಬಳಸುತ್ತಾನೆ. ಹುಟ್ಟುವಾಗ ಸಿಗದ ಕೋಣೆ, ಸಾಯುವ ಹಿಂದಿನ ರಾತ್ರಿ ಸಿಕ್ಕಿತು.

ಅಂದಹಾಗೆ, ಗೋದಲಿಯಲ್ಲಿ ನಾವಿಡುವ ಎತ್ತು, ಕತ್ತೆ ಶುಭಸಂದೇಶದಲ್ಲಿಲ್ಲ. ಇಟಲಿಯ ಗ್ರೆಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ಸರು ಜೀವಂತ ಎತ್ತು, ಕತ್ತೆ ತಂದು ನಿಲ್ಲಿಸಿ ಗೋದಲಿ ಮಾಡಿಸಿದರು. ನಮ್ಮ ಮನೆಗೂ ಒಂದು ಕರು ಬಂದಿತ್ತು ಅಂತ ಸಮಾಧಾನ.

ಜ್ಞಾನಿಗಳು ಮೂವರು ಅಂತಲೂ ಮತ್ತಾಯ ಹೇಳಿಲ್ಲ. ಮೂರು ಎಂದದ್ದು ಕಾಣಿಕೆಗೆ. ಚಿನ್ನ, ಧೂಪ, ರಕ್ತಬೋಳ. ರಕ್ತಬೋಳ ಒಂದು ಮರದ ಅಂಟು. ಬಾಣಂತಿ ಮನೆಗೆ ಯಾರೂ ತರಬಾರದ ಕಾಣಿಕೆ ಅದು, ಯಾಕೆಂದರೆ ಆ ದೇಶದಲ್ಲಿ ಅದನ್ನು ಹೆಣಕ್ಕೂ ಹಾಕುತ್ತಿದ್ದರು. ಶಿಲುಬೆಯಿಂದ ಇಳಿಸಿದ ಯೇಸುವಿಗೂ ಹಾಕಿದರು. ಕ್ರಿಸ್ಮಸ್ಸನ್ನು ಈಸ್ಟರಿನಿಂದ, ಅಂದರೆ ಆತ ಸತ್ತು ಎದ್ದ ಹಬ್ಬದಿಂದ, ಬಿಡಿಸಿ ನೋಡಿದರೆ ಉಳಿಯುವುದು ಮುದ್ದಾದ ಮಗುವಿನ ಕತೆ ಮಾತ್ರ.

ಈಗ ಎರಡು ವರ್ಷದ ಹಿಂದಿನ ರಾತ್ರಿ. ಪೂಜೆ ಮುಗಿದು ಮನೆ ಹತ್ತಿರ ಬರುವಾಗ ಒಂದೂವರೆ. ಮಂಜು ಎಷ್ಟಿತ್ತೆಂದರೆ ಬೈಕಿನ ಲೈಟು ನಾಲ್ಕು ಮಾರು ಹೋಗುತ್ತಿರಲಿಲ್ಲ. ಊರಿಡೀ ಕತ್ತಲು, ಪಕ್ಕದ ಮನೆಯ ಅಡಿಕೆ ಚಪ್ಪರದಲ್ಲಿ ಮಾತ್ರ ಬೆಳಕು. ಕೊಯ್ಲಿನ ಸಮಯ. ಏಳೆಂಟು ಹೆಂಗಸರು ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ಡಬ್ಬಕ್ಕಿಷ್ಟು ಅಂತ ಲೆಕ್ಕ, ಹಾಗಾಗಿ ನಿದ್ದೆಗೆ ಅವಸರ ಇಲ್ಲ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಡಬ್ಬಿ ನನ್ನ ಚೀಲದಲ್ಲೇ ಇತ್ತು, ಒಳಗೆ ಹೋದೆ.

“ಹಬ್ಬ ಮುಗೀತಾ ತಮ್ಮ? ನಿಮ್ಮ ದೇವರು ಹುಟ್ಟಿದ್ನಾ?” ಅಂದರು ಪಕ್ಕದ ಮನೆಯ ದೊಡ್ಡಮ್ಮ.

ಹುಟ್ಟಿದ ಅಂದೆ. ಆ ಸುದ್ದಿ ಮೊದಲು ಗೊತ್ತಾದದ್ದು ಯಾರಿಗೆ ಹೇಳಿ ದೊಡ್ಡಮ್ಮ ಅಂತ ಕೇಳಿದೆ. ರಾಜನಿಗಲ್ಲ, ಗುಡಿಯ ಪುರೋಹಿತರಿಗೂ ಅಲ್ಲ. ರಾತ್ರಿಯೆಲ್ಲ ಎದ್ದು ಬಯಲಲ್ಲಿ ಕುರಿ ಕಾಯುತ್ತಿದ್ದವರಿಗೆ. ದೇವದೂತ ಸೀದಾ ಅಲ್ಲಿಗೇ ಹೋದ.

“ಎದ್ದಿದ್ದೋರು ಅವರೇ ಅಲ್ವ, ಮತ್ಯಾರಿಗೆ ಹೇಳ್ತಾನೆ?” ಅಂದರು ದೊಡ್ಡಮ್ಮ. ನಲವತ್ತು ವರ್ಷದಲ್ಲಿ ಇಷ್ಟು ಚೆಂದದ ಪ್ರಸಂಗ ನಾನು ಕೇಳಿರಲಿಲ್ಲ.

ಆಮೇಲೆ ಮಾತು ಕೃಷ್ಣನ ಕಡೆ ಹೋಯಿತು. ಅವನು ಹುಟ್ಟಿದ್ದೂ ಮಧ್ಯರಾತ್ರಿ, ಅದೂ ಸೆರೆಮನೆಯಲ್ಲಿ. ಅಲ್ಲಿ ಕಂಸ ಕೂಸುಗಳನ್ನು ಕೊಂದ, ಇಲ್ಲಿ ಹೆರೋದ ಕೊಲ್ಲಿಸಿದ. “ಕಡೆಗೆ ನಿಮ್ಮೋನು ಆ ರಾಜನ್ನ ಕೊಂದ್ನಾ?” ಅಂತ ಇನ್ನೊಬ್ಬಾಕೆ ಕೇಳಿದರು. ಇಲ್ಲ, ಕೊಲ್ಲಲಿಲ್ಲ, ತಾನೇ ಸತ್ತ ಅಂದೆ. ಕತ್ತಿಗಳ ಸದ್ದು ಒಂದು ಗಳಿಗೆ ನಿಂತಿತು. ಮೂರನೇ ದಿನ ಎದ್ದ ಅಂತಲೂ ಹೇಳಿದೆ.

“ಎಂಥ ಕೆಲಸ ಮಾಡ್ತಿದ್ದ?” ದೊಡ್ಡಮ್ಮ ಕೇಳಿದರು.

“ಮರಗೆಲಸ.”

“ಹಂಗಾರೆ ಅಂಗೈ ಒರಟಾಗೇ ಇರ್ಬೇಕು,” ಅಂದು ತಮ್ಮ ಅಂಗೈ ನೋಡಿಕೊಂಡರು. ಅಡಿಕೆ ಕಲೆಯಿಂದ ಕಪ್ಪಗಿತ್ತು. ನೆವ್ರಿ, ಕುಲ್ಕುಲ್ ಕೊಡಲು ಹೋದರೆ ಯಾರೂ ಮುಟ್ಟಲಿಲ್ಲ, ಕೈ ತೊಳೆದರೂ ಆ ಕಲೆಯ ಒಗರು ಹೋಗುವುದಿಲ್ಲ. ಬಾಯಿಗೇ ಹಾಕು ಮಾರಾಯ ಅಂದರು. ಒಬ್ಬೊಬ್ಬರ ಬಾಯಿಗೂ ಒಂದೊಂದು ಹಾಕುತ್ತಾ ಹೋದೆ. ಕಡೆಗೆ ದೊಡ್ಡಮ್ಮ ಪಕ್ಕದ ಖಾಲಿ ಮೆಟ್ಟುಗತ್ತಿ ನನ್ನ ಕಡೆ ತಳ್ಳಿದರು.

“ಬಂದಿದ್ದೀಯಲ್ಲ, ಕೂತ್ಕೊ. ನಾಲ್ಕು ಸುಲಿ.”

ಕೂತೆ. ಹಬ್ಬಕ್ಕೆ ಅಂತ ತಂದಿದ್ದ ಬಿಳಿ ಶರ್ಟು. ತೋಳಿನ ಮೇಲೆ ಆ ಅಡಿಕೆ ಕಲೆ ಇನ್ನೂ ಇದೆ.