ಬೆರಳಿಟ್ಟರೆ ಏರುವ ಮೀಟರ್

ಇವತ್ತು ಎಸ್‌.ಪಿ. ರೋಡಿನ ಹಳೇ ಅಂಗಡಿಯೊಂದರಲ್ಲಿ ಗಿಟಾರಿನ ದನಿಯನ್ನು ಒರಟಾಗಿಸುವ ಫಜ್ ಪೆಡಲ್‌ಗೆ ಬೇಕಾದ ಎಸಿ128 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಸಿಕ್ಕಿತು, ಅದೂ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಲು! ನಮ್ಮ ಬಿಇಎಲ್ 1962ರಲ್ಲೇ ಬೆಂಗಳೂರಿನಲ್ಲಿ ಜರ್ಮೇನಿಯಂ ಬಿಡಿಭಾಗ ಮಾಡಲು ಶುರು ಮಾಡಿತ್ತು ಅಂತ ಎಷ್ಟು ಜನ ಗಿಟಾರಿನವರಿಗೆ ಗೊತ್ತು?

ಎಲ್ಲರೂ ಕೇಳೋದು ಎನ್‌ಕೆಟಿ275 ಎಂಬ ಇನ್ನೊಂದು ಜರ್ಮೇನಿಯಂ ಟ್ರಾನ್ಸಿಸ್ಟರ್. 1966ರ ಲಂಡನ್ ಫಜ್ ಫೇಸ್ ಪೆಡಲ್‌ನಲ್ಲಿ ಇದ್ದದ್ದು ಅದು. ಅದಕ್ಕೇ ಬೆಲೆ ಜಾಸ್ತಿ, ನಕಲಿಯೂ ಜಾಸ್ತಿ. ಮೇಲಿನ ಅಕ್ಷರ ನಂಬಬೇಡಿ, ಅಳೆದು ನೋಡಿ.

ಮಲ್ಟಿಮೀಟರಿನಲ್ಲಿ ಗೇನ್ (ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನೋದು) ಅಳೆಯುವ ಎಚ್‌ಎಫ್‌ಇ ತೂತಿಗೆ ಸುಮ್ನೆ ಚುಚ್ಚಿದರೆ ಸಾಲದು, ಸೋರಿಕೆಯನ್ನೂ ಅದು ಗೇನ್ ಅಂತಲೇ ತೋರಿಸುತ್ತದೆ. ಬೇಸ್ ಕಾಲನ್ನು ಯಾವುದಕ್ಕೂ ಸೇರಿಸದೆ 9 ವೋಲ್ಟ್ ಕೊಟ್ಟು, ಎಷ್ಟು ಕರೆಂಟ್ ಹರಿಯುತ್ತದೆ ಅಂತ ಮೊದಲು ನೋಡಬೇಕು. ಅದೇ ಸೋರಿಕೆ. ಇವತ್ತಿನದರ ತಗಡಿನ ಟೋಪಿಯ ಮೇಲೆ ಬೆರಳಿಟ್ಟೆ, ಮೈಶಾಖಕ್ಕೇ ಮೀಟರಿನ ಅಂಕಿ ಮೆಲ್ಲಗೆ ಏರತೊಡಗಿತು. ಬೆರಳು ತೆಗೆದು ತುಸು ಹೊತ್ತು ಕಾದರೆ ಮತ್ತೆ ಇಳಿಯಿತು. ಎಷ್ಟು ಸೂಕ್ಷ್ಮ ನೋಡಿ!

ಈ ದೋಷಕ್ಕೇ ಅಲ್ವಾ ಜಗತ್ತು ಜರ್ಮೇನಿಯಂ ಬಿಟ್ಟು ಸಿಲಿಕಾನ್ ಹಿಡಿದದ್ದು. ಆದರೆ ಜರ್ಮೇನಿಯಂ ಪೆಡಲಿನ ಪೂರ್ತಿ ಫಜ್‌ನಲ್ಲಿ ನುಡಿಸುತ್ತಾ ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ದನಿ ಹೇಗೆ ತಿಳಿಯಾಗುತ್ತದೆ ಅಂತ ಒಮ್ಮೆ ಕೇಳಿದವರು ಈ ಹುಡುಕಾಟ ಬಿಡೋದಿಲ್ಲ.

ಪೆಡಲಿಗೆ ಬೇಕಾದ ಎರಡು ಟ್ರಾನ್ಸಿಸ್ಟರ್‌ಗಳಲ್ಲಿ ಮೊದಲ ಜಾಗಕ್ಕೆ 70-80 ಗೇನ್ ಇರೋದು ಸಿಕ್ಕಾಯಿತು. ಎರಡನೆಯದಕ್ಕೆ 110-130 ಬೇಕು. ಅಟ್ಟದ ಮೇಲೆ ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ.