ಹಾಡುವವರ ಉಸಿರಿಗೆ ಜಾಗ

ಹಾಡು-ಕುಣಿತದ ನಾಟಕಗಳಿಗೆ ಹಳೇ ಕಾಲದ ಉಡುಪು ಹೊಲಿಯುವಾಗ ನಾನು ಮೊದಲು ನೋಡುವುದು ಹಾಡುವವರ ಪಕ್ಕೆ. ಉದ್ದನೆಯ ಸ್ವರಕ್ಕೆ ಉಸಿರು ತುಂಬಿಕೊಂಡಾಗ ಅದು ಎಷ್ಟು ಅಗಲವಾಗುತ್ತದೆ ಅಂತ ಟೇಪ್ ಹಿಡಿದು ಅಳೆಯುತ್ತೇನೆ.

ಒಮ್ಮೆ ಸುಮ್ನೆ ನಿಂತಾಗಿನ ಅಳತೆಗೇ ಕಾರ್ಸೆಟ್, ಅಂದ್ರೆ ಸೊಂಟ-ಪಕ್ಕೆಯನ್ನು ಬಿಗಿಯಾಗಿ ಹಿಡಿಯುವ ಒಳ ಉಡುಪು, ಹೊಲಿದಿದ್ದೆ. ತಾಲೀಮಿನಲ್ಲಿ ನಟಿಗೆ ಎರಡನೇ ಸಾಲಿಗೇ ಉಸಿರು ಸಾಲಲಿಲ್ಲ. ತುಂಬಾ ನೊಂದುಕೊಂಡೆ. ಈಗ ಎರಡೂ ಪಕ್ಕಕ್ಕೆ ಎಲಾಸ್ಟಿಕ್ ಪಟ್ಟಿ ಕೊಡುತ್ತೇನೆ. ಕಂಕುಳಲ್ಲಿ ಚೌಕದ ತುಂಡು ಸೇರಿಸುತ್ತೇನೆ. ಅದಿದ್ದರೆ ಕೈ ಎತ್ತಿದಾಗ ಮೇಲಂಗಿಯೂ ಜೊತೆಗೆ ಏರುವುದಿಲ್ಲ.

1856ರಲ್ಲಿ ಪೇಟೆಂಟ್ ಆದ ಉಕ್ಕಿನ ಬಳೆಗಳ ಕ್ರಿನೋಲಿನ್ (ಲಂಗವನ್ನು ಅಗಲವಾಗಿ ಉಬ್ಬಿಸಿ ಹಿಡಿಯುವ ಒಳ ಚೌಕಟ್ಟು) ಅಂದ್ರೆ ನನಗೆ ಜಾಸ್ತಿ ಪ್ರೀತಿ. ಪದರ ಪದರ ಲಂಗದ ಭಾರವಿಲ್ಲ, ಒಳಗೆ ಕಾಲು ಆರಾಮಾಗಿ ಕುಣಿಯುತ್ತದೆ.

ಬೆನ್ನಿನ ಸಾಲು ಗುಂಡಿಗಳು ನೋಟಕ್ಕೆ ಮಾತ್ರ. ಅಡಿಯಲ್ಲಿರುವುದು ಜಿಪ್. ದೃಶ್ಯಗಳ ನಡುವೆ ಬಟ್ಟೆ ಬದಲಿಸಲು ಕೆಲವೊಮ್ಮೆ ಅರ್ಧ ನಿಮಿಷವೂ ಸಿಗುವುದಿಲ್ಲ, ಅಲ್ವಾ?