ಕೋಟೆಗೆ ಹೋದರೆ ಮೊದಲು ನೀರು ನೋಡಿ

2025 ಅಕ್ಟೋಬರ್ 19, ಭಾನುವಾರ
ತೀರ್ಥಹಳ್ಳಿ

ಇವತ್ತು ನೀರು ತುಂಬುವ ಹಬ್ಬ. ಸಂಜೆಯೊಳಗೆ ಹಂಡೆ ತೊಳೆದು ನೀರು ತುಂಬಬೇಕು. ಆದರೂ ಬೆಳಿಗ್ಗೆ ಬೇಗ ಕವಲೇದುರ್ಗದ ಕೋಟೆಗೆ ಹೊರಟೆವು. ತಮ್ಮನ ಮಗಳು ಹಬ್ಬಕ್ಕೆ ಬೆಂಗಳೂರಿಂದ ಬಂದಿದ್ದಾಳೆ. ಮುಂದಿನ ವರ್ಷ ಗೆಳತಿಯರ ಜೊತೆ ಯುರೋಪ್ ಪ್ರವಾಸವಂತೆ. ಫೋನಿನ ತುಂಬಾ ಕೋಟೆಗಳ ಫೋಟೋ. "ಎಲ್ಲಾ ನೋಡೋಕಾಗಲ್ಲ. ಯಾವುದು ಬಿಡಲಿ, ಹೇಳತ್ತೆ" ಅಂದಳು. "ಮೊದಲು ನಮ್ಮದು ನೋಡು, ಆಮೇಲೆ ಹೇಳ್ತೀನಿ" ಅಂದೆ.

ಗದ್ದೆ ಅಂಚಿನ ಮೇಲೆ ನಡೆದು ಕಲ್ಲು ಹಾಸಿದ ದಾರಿ ಹಿಡಿದೆವು. ರಾತ್ರಿ ಮಳೆ ಬಂದಿತ್ತು. ಪಾಚಿ ಕಟ್ಟಿದ ಕಲ್ಲು, ಜಾರಿಕೆ, ಜೊತೆಗೆ ಉಂಬಳ. ಒಂದು ಬಾಗಿಲು ದಾಟಿದರೆ ಮತ್ತೊಂದು ಸುತ್ತಿನ ಗೋಡೆ. ದೊಡ್ಡ ದೊಡ್ಡ ಬಂಡೆಗಳನ್ನು ಗುಡ್ಡದ ಮೈಗೆ ಹೊಂದಿಸಿ ಕಟ್ಟಿದ್ದಾರೆ ಕೆಳದಿ ಅರಸರು.

ನಾವು ಜಾಸ್ತಿ ಹೊತ್ತು ಕೂತಿದ್ದು ಅರಮನೆ ಇದ್ದ ಜಾಗದಲ್ಲಿ. ಗೋಡೆಗಳು ಬಿದ್ದುಹೋಗಿವೆ. ಆದರೆ ಅಡುಗೆಮನೆಯ ಕಲ್ಲಿನ ಒಲೆ ಇದೆ, ಬಚ್ಚಲು ಇದೆ, ಬಚ್ಚಲಿನ ನೀರು ಹೊರಗೆ ಹೋಗುವ ಕಲ್ಲಿನ ಕಾಲುವೆಯೂ ಇದೆ. ಇವಳು ಬಗ್ಗಿ ಕೂತು ಬಾಟಲಿಯಿಂದ ಸ್ವಲ್ಪ ನೀರು ಸುರಿದಳು. ನೀರು ಹುಲ್ಲಿನ ಬುಡದಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಒಂದು ಒಣ ಎಲೆಯನ್ನು ತಳ್ಳಿಕೊಂಡು ಕಾಲುವೆಯಲ್ಲೇ ಮೆಲ್ಲಗೆ ಇಳಿಯಿತು. "ಅತ್ತೆ, ಹೋಗ್ತಾ ಇದೆ!" ಅಂತ ಕೂಗಿದಳು. ನನಗೂ ಮೈ ಜುಮ್ಮೆಂದಿತು. ಇಷ್ಟು ಮಳೆ ಬೀಳುವ ಸೀಮೆಯಾದರೂ ಗುಡ್ಡದ ತುದಿಯಲ್ಲಿ ನೀರು ನಿಲ್ಲಲ್ಲ ಅಲ್ವಾ? ಅದಕ್ಕೇ ಮೇಲೆ ಕೊಳ ಕಟ್ಟಿ ಹಿಡಿದಿಟ್ಟರು.

ಅಲ್ಲೇ ಕೂತು ಅವಳಿಗೆ ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ಕೋಟೆಯ ಬಾವಿಯ ಕತೆ ಹೇಳಿದೆ. ಮಗ ಅಲ್ಲಿ ಓದುವಾಗ ನಾನು ಹೋಗಿದ್ದೆ. ಎಲ್ಲರೂ ಕಿರೀಟ, ಫಿರಂಗಿ ನೋಡುತ್ತಾರೆ. ನಾನು ಆ ಬಾವಿ ಹತ್ತಿರ ತುಂಬಾ ಹೊತ್ತು ನಿಂತಿದ್ದೆ. ರಾಣಿ ಮೇರಿಯ ಕಡೆಯವರು ಆ ಕೋಟೆಯನ್ನು ಎರಡು ವರ್ಷ ಬಿಡದೆ ಹಿಡಿದುಕೊಂಡಿದ್ದರು. 1573ರ ಮೇ ತಿಂಗಳಲ್ಲಿ ಫಿರಂಗಿ ಏಟಿಗೆ ಡೇವಿಡ್ ಗೋಪುರ ಕುಸಿಯಿತು. ಅದರ ಕಲ್ಲುಮಣ್ಣು ಬಿದ್ದು ಬಾವಿ ಮುಚ್ಚಿಹೋಯಿತು. ಕುಡಿಯೋಕೆ ನೀರಿಲ್ಲದೆ ಕೆಲವೇ ದಿನಕ್ಕೆ ಶರಣಾದರು. ಜ್ವಾಲಾಮುಖಿಯ ಬಂಡೆ ಮೇಲೆ ಕೂತ ಕೋಟೆ ಅದು. ನೋಡಿದರೆ ಯಾರಿಗೂ ಸೋಲಲ್ಲ ಅನಿಸುತ್ತದೆ.

ಜರ್ಮನಿಯ ಕ್ಯೋನಿಗ್‌ಸ್ಟೈನ್ ಅವಳ ಪಟ್ಟಿಯಲ್ಲೇ ಇರಲಿಲ್ಲ. ಸೇರಿಸು ಅಂದೆ. ಎಲ್ಬೆ ನದಿ ಮೇಲಿನ ಬಂಡೆಗುಡ್ಡದಲ್ಲಿದೆ. ನದಿ ಕಣ್ಣೆದುರೇ ಇದ್ದರೂ ಕೋಟೆ ಒಳಗೇ ಬಂಡೆ ಕೊರೆದು 152.5 ಮೀಟರ್ ಆಳದ ಬಾವಿ ತೋಡಿದರು. 1563ರಲ್ಲಿ ಶುರುವಾದ ಕೆಲಸ ಮುಗಿದದ್ದು 1569ಕ್ಕೆ. ನಮ್ಮ ಮನೆ ಬಾವಿ 30 ಅಡಿ. ಅಂಥ 16 ಬಾವಿ ಒಂದರ ಕೆಳಗೆ ಒಂದು ಇಟ್ಟರೂ ಅದಕ್ಕೆ ಸಾಲದು! ವೇಲ್ಸ್‌ನ ಕೆರ್ಫಿಲಿಯಲ್ಲಿ ಸುತ್ತ ಕಟ್ಟೆ ಹಾಕಿ ಕೆರೆಯನ್ನೇ ಕಾವಲಿಗಿಟ್ಟರು. 1268ರಲ್ಲಿ ಶುರುವಾದ ಕೋಟೆ. ಅದೂ ಚೆಂದ.

"ಹಾಗಾದ್ರೆ ನೋಯ್‌ಶ್ವಾನ್‌ಸ್ಟೈನ್ ಬಿಡ್ಲಾ?" ಎಂದು ಕೇಳಿದಳು. ಎಲ್ಲರ ಕ್ಯಾಲೆಂಡರಿನಲ್ಲಿ ಬರುವ, ಜರ್ಮನಿಯ ಬವೇರಿಯಾದ ಬಿಳಿ ಅರಮನೆ ಅದು. ಅಲ್ಲಿನ ರಾಜ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿದ. 1886ರಲ್ಲಿ ಸತ್ತ. ಅಲ್ಲಿ ವಾಸ ಮಾಡಿದ್ದು ಎಲ್ಲಾ ಸೇರಿ 172 ದಿನ ಅಷ್ಟೇ. ಯುದ್ಧಕ್ಕೆ ಕಟ್ಟಿದ್ದಲ್ಲ. ಆದರೂ ಬಿಡಬೇಡ ಅಂದೆ. ಮೇಲಿನ ಗುಡ್ಡದ ಒರತೆಯಿಂದ ಪ್ರತಿ ಅಂತಸ್ತಿಗೂ ನೀರು ತಂದಿದ್ದರು. ಅಡುಗೆಮನೆಯಲ್ಲಿ ಬಿಸಿನೀರೂ ಬರುತ್ತಿತ್ತು.

ಜಪಾನಿನ ಹಿಮೇಜಿಗೆ ಹೋಗಬೇಕೆಂಬ ಆಸೆ ನನಗಿದೆ. ಮರದ ಕೋಟೆ. ಬೆಂಕಿ ತಗುಲದಿರಲಿ ಅಂತ ಸುಣ್ಣದ ಗಾರೆ ಬಳಿದಿದ್ದಾರೆ. ಆ ಬಿಳುಪಿಗೇ ಬೆಳ್ಳಕ್ಕಿ ಕೋಟೆ ಅಂತ ಹೆಸರು.

ಇಳಿಯುವಾಗ ಒಂದು ಕೊಳದಲ್ಲಿ ಪ್ಲಾಸ್ಟಿಕ್ ಬಾಟಲಿ ತೇಲುತ್ತಿದ್ದವು. ಕೋಲಿನಿಂದ ಎಳೆದು ಏಳು ಬಾಟಲಿ ತೆಗೆದೆವು. ಇನ್ನೂ ನಾಲ್ಕು ಕೈಗೆ ಸಿಗಲಿಲ್ಲ. ತುಂಬಾ ಬೇಜಾರಾಯಿತು. ಕೋಟೆಗೆ ಹೋಗುವವರು ದಯವಿಟ್ಟು ಕೊಳಕ್ಕೆ ಏನೂ ಎಸೆಯಬೇಡಿ.

ಹಬ್ಬ ಮುಗಿದ ಮೇಲೆ ನಗರ ಅನ್ನೋ ಊರಿನ ಕೋಟೆಗೆ ಹೋಗಬೇಕಂತೆ ಅವಳಿಗೆ. 1763ರಲ್ಲಿ ಹೈದರಾಲಿ ಗೆದ್ದ ಬಿದನೂರು ಅದೇ. ಅಲ್ಲಿನ ಅಕ್ಕತಂಗಿ ಕೊಳ ತೋರಿಸುತ್ತೇನೆ.

ಸಂಜೆ ಹಂಡೆ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಸುತ್ತಿ, ಇಬ್ಬರೂ ಬಾವಿಯಿಂದ ನೀರು ಸೇದಿ ತುಂಬಿದೆವು. ನಾಳೆ ನಾಲ್ಕೂವರೆಗೆ ಎದ್ದು ಒಲೆ ಹೊತ್ತಿಸಬೇಕು.